ಮೆಗ್ನೀಸಿಯಂ ಮಾತ್ರೆ: ನಾನು ತಿಂದೆ, ಅಮ್ಮನಿಗೂ ಕಳಿಸಿದೆ

ಇವತ್ತಿನ ಕಂತು ಒಂದು ತಿದ್ದುಪಡಿಯಿಂದ ಶುರುವಾಗುತ್ತೆ.

ಕೆಲವು ತಿಂಗಳ ಹಿಂದೆ ನಿದ್ದೆ ಬಗ್ಗೆ ಒಂದು ಕಂತು ಮಾಡಿದ್ದೆ, ನೆನಪಿರಬಹುದು. ಅದರಲ್ಲಿ ಮಾತಿನ ಮಧ್ಯೆ, ಸುಮ್ಮನೆ, "ನಾನು ರಾತ್ರಿ ಮೆಗ್ನೀಸಿಯಂ ತಗೋತೀನಿ, ಒಳ್ಳೆ ನಿದ್ದೆ ಬರುತ್ತೆ" ಅಂದುಬಿಟ್ಟೆ. ಒಂದೇ ಸಾಲು. ಆದರೆ ಆ ಕಂತಿಗೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಆ ಒಂದು ಸಾಲಿನ ಬಗ್ಗೆಯೇ. ಯಾವ ಬ್ರ್ಯಾಂಡು, ಎಷ್ಟು ಮಿಲಿಗ್ರಾಂ, ಎಲ್ಲಿ ಸಿಗುತ್ತೆ, ನಮ್ಮಪ್ಪನಿಗೆ ಕೊಡಬಹುದಾ. ನಾನು ಕೂತು ಒಬ್ಬೊಬ್ಬರಿಗೂ ಉತ್ತರ ಕಳಿಸಿದೆ. ಕೆಲವರಿಗೆ ಲಿಂಕ್ ಕೂಡ ಕಳಿಸಿದೆ. ಕಮಿಷನ್ ಏನೂ ಇರಲಿಲ್ಲ, ಬರೀ ಉತ್ಸಾಹ. ನಾನು ಓದಿರೋದು ಬಿಕಾಂ. ಇದನ್ನ ಯಾಕೆ ಹೇಳ್ತಿದ್ದೀನಿ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ರಾತ್ರಿ 2 ಗಂಟೆವರೆಗೆ ಎಡಿಟಿಂಗ್, ಆಮೇಲೆ ನಿದ್ದೆ ಬರಲ್ಲ, ಬಂದರೆ ಕಾಲು ಸೆಳೆತ. ಇನ್‌ಸ್ಟಾಗ್ರಾಮ್ ತೆಗೆದರೆ ಪ್ರತಿ ಮೂರನೇ ರೀಲ್‌ನಲ್ಲಿ ಯಾರೋ ಒಬ್ಬರು "ನಿಮಗೆ ಮೆಗ್ನೀಸಿಯಂ ಕಡಿಮೆ ಇದೆ" ಅಂತಿದ್ದರು. ಆನ್‌ಲೈನ್‌ನಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯ ಬಾಟಲಿ ತರಿಸಿದೆ. ಮುಂದೆ ದೊಡ್ಡದಾಗಿ 1000 ಮಿಲಿಗ್ರಾಂ ಅಂತ ಇತ್ತು, ದಿನಕ್ಕೆ ಎರಡು ಮಾತ್ರೆ. ಊಟ ಆದಮೇಲೆ ಎರಡನ್ನೂ ಒಟ್ಟಿಗೆ ನುಂಗಿ ಮಲಗುತ್ತಿದ್ದೆ.

ಮೂರನೇ ದಿನ ಬೆಳಿಗ್ಗೆ ಬೆಂಗಳೂರಿಂದ ತಿಪಟೂರಿಗೆ, ನಮ್ಮೂರಿಗೆ ಬಸ್ ಹತ್ತಿದೆ. ತುಮಕೂರು ದಾಟುವಷ್ಟರಲ್ಲಿ ಹೊಟ್ಟೆಯಲ್ಲಿ ಗುಡುಗು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್‌ಗೆ "ಅಣ್ಣಾ, ಐದೇ ನಿಮಿಷ" ಅಂತ ಕೈಮುಗಿದು ಓಡಿದೆ. ಪುಣ್ಯಾತ್ಮ ನಿಲ್ಲಿಸಿಕೊಂಡಿದ್ದರು. ಹಿಂದಿನ ದಿನ ತಿಂದ ಗೋಬಿ ಮಂಚೂರಿ ಮೇಲೆ ಅನುಮಾನ ಪಟ್ಟೆ. ಇನ್ನೆರಡು ದಿನ ಮಾತ್ರೆ ನುಂಗಿದೆ, ಇನ್ನೆರಡು ದಿನ ಭೇದಿ ಆಯ್ತು. ಆಮೇಲೆ ಬಾಟಲಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದೆ.

ಇಲ್ಲಿ ನನ್ನ ಕಾಮರ್ಸ್ ಸ್ವಲ್ಪ ಉಪಯೋಗಕ್ಕೆ ಬಂತು. ಕೆಲಸಕ್ಕೆ ಸೇರುವಾಗ ಆಫರ್ ಲೆಟರ್‌ನಲ್ಲಿ ಸಿಟಿಸಿ ಅಂತ ಒಂದು ದೊಡ್ಡ ಅಂಕಿ ಇರುತ್ತಲ್ಲ, ಕೈಗೆ ಬರೋದು ಬೇರೆ ಇರುತ್ತಲ್ಲ, ಈ ಲೇಬಲ್ ಕೂಡ ಹಾಗೇ. ಮೆಗ್ನೀಸಿಯಂ ಒಂಟಿಯಾಗಿ ಮಾತ್ರೆಯಲ್ಲಿ ಇರಲ್ಲ. ಇನ್ನೊಂದಕ್ಕೆ ಅಂಟಿಕೊಂಡು ಇರುತ್ತೆ. ಆಕ್ಸೈಡ್, ಸಿಟ್ರೇಟ್, ಗ್ಲೈಸಿನೇಟ್, ಹೀಗೆ. ಬಾಟಲಿ ಮುಂದೆ ಬರೆಯೋದು ಸಾಮಾನ್ಯವಾಗಿ ಎರಡೂ ಸೇರಿದ ತೂಕ. ಅದರೊಳಗೆ ನಿಜವಾದ ಮೆಗ್ನೀಸಿಯಂ ಎಷ್ಟು ಅನ್ನೋದನ್ನ ಎಲಿಮೆಂಟಲ್ ಮೆಗ್ನೀಸಿಯಂ ಅಂತಾರೆ. ಆಕ್ಸೈಡ್‌ನಲ್ಲಿ ಅದು ತೂಕದ ಸುಮಾರು 60 ಪರ್ಸೆಂಟ್. ಸಿಟ್ರೇಟ್‌ನಲ್ಲಿ ಸುಮಾರು 16, ಗ್ಲೈಸಿನೇಟ್‌ನಲ್ಲಿ ಸುಮಾರು 14. ನನ್ನದು ಆಕ್ಸೈಡ್. 1000 ಮಿಲಿಗ್ರಾಂ ಅಂದರೆ ಒಳಗೆ 600 ಮಿಲಿಗ್ರಾಂ ಮೆಗ್ನೀಸಿಯಂ.

ಅಮೆರಿಕದಲ್ಲಿ 1997ರಲ್ಲಿ ತಜ್ಞರು ಹಾಕಿದ ಗೆರೆ, ದೊಡ್ಡವರಿಗೆ ಮಾತ್ರೆ ರೂಪದಲ್ಲಿ ದಿನಕ್ಕೆ 350 ಮಿಲಿಗ್ರಾಂ. ಊಟದಿಂದ ಬರೋದು ಈ ಲೆಕ್ಕಕ್ಕೆ ಸೇರಲ್ಲ. ಯುರೋಪಿನಲ್ಲಿ ಇನ್ನೂ ಕಡಿಮೆ, 250. ಆ ಗೆರೆ ಹಾಕಿದ್ದೇ ಯಾವ ತೊಂದರೆ ನೋಡಿ ಅಂದುಕೊಂಡಿದ್ದೀರಿ? ಭೇದಿ. ನಾನು ಗುಬ್ಬಿಯಲ್ಲಿ ಕಂಡುಹಿಡಿದದ್ದನ್ನ ಅವರು ಆಗಲೇ ಬರೆದಿಟ್ಟಿದ್ದರು.

ಆಕ್ಸೈಡ್‌ನ ಇನ್ನೊಂದು ತೊಂದರೆ, ದೇಹ ಅದನ್ನ ಸರಿಯಾಗಿ ಹೀರಿಕೊಳ್ಳಲ್ಲ. ಹೀರದೆ ಉಳಿದದ್ದು ಕರುಳಿಗೆ ನೀರು ಎಳೆಯುತ್ತೆ. ಮಲಬದ್ಧತೆಗೆ ಕೊಡೋ ಬಿಳಿ ಸಿರಪ್, ಮಿಲ್ಕ್ ಆಫ್ ಮೆಗ್ನೀಷಿಯಾ, ಇದೇ ತತ್ವದ ಮೇಲೆ ಕೆಲಸ ಮಾಡುತ್ತೆ. ನಿಮ್ಮ ಮನೆಯ ಗ್ಯಾಸ್ ಸಿರಪ್ ಬಾಟಲಿ ತಿರುಗಿಸಿ ನೋಡಿ, ಸಾಮಾನ್ಯವಾಗಿ ಮೆಗ್ನೀಸಿಯಂ ಜೊತೆ ಅಲ್ಯುಮಿನಿಯಂ ಕೂಡ ಇರುತ್ತೆ. ಒಂದು ಹೊಟ್ಟೆ ಸಡಿಲ ಮಾಡುತ್ತೆ, ಇನ್ನೊಂದು ಕಟ್ಟುತ್ತೆ, ಎರಡನ್ನೂ ಸೇರಿಸಿ ಸಮ ಮಾಡಿರ್ತಾರೆ. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಯ್ತು, ಯಾಕೋ ಗೊತ್ತಿಲ್ಲ.

ಆಮೇಲೆ ಗ್ಲೈಸಿನೇಟ್ ತಂದೆ. ಎರಡು ಮಾತ್ರೆಗೆ 2000 ಮಿಲಿಗ್ರಾಂ, ಅಂದರೆ ಒಳಗೆ ಸುಮಾರು 280. ನಾನು ಒಂದೇ ತಗೊಂಡೆ, ಸುಮಾರು 140, ಖಾಲಿ ಹೊಟ್ಟೆಯಲ್ಲಿ ಅಲ್ಲ, ಊಟದ ಜೊತೆಗೆ. ಭೇದಿ ನಿಂತಿತು. ಸೈಡ್ ಎಫೆಕ್ಟ್ ನಿಭಾಯಿಸೋದು ಅಂದರೆ ನನ್ನ ಅನುಭವದಲ್ಲಿ ಇಷ್ಟೇ: ಡೋಸ್ ಇಳಿಸು, ಊಟದ ಜೊತೆ ತಗೋ, ಬೇಕಾದರೆ ಎರಡು ಹೊತ್ತಿಗೆ ಹಂಚು, ಆಗಲೂ ಹೊಟ್ಟೆ ಕೆಟ್ಟರೆ ಬೇರೆ ರೂಪ ನೋಡು, ಅದೂ ಆಗದಿದ್ದರೆ ಬಿಡು. ಮೆದುಳಿಗೇ ಹೋಗುತ್ತೆ ಅಂತ ದುಬಾರಿ ಬೆಲೆಗೆ ಮಾರೋ ಥ್ರಿಯೋನೇಟ್ ಬಗ್ಗೆ ಕೇಳಿದ್ದರು ಕೆಲವರು. ಮನುಷ್ಯರ ಮೇಲೆ ಆಗಿರೋ ಪರೀಕ್ಷೆ ಕಡಿಮೆ, ಜಾಹೀರಾತು ಜಾಸ್ತಿ. ನಾನು ಕೊಂಡಿಲ್ಲ.

ನಿದ್ದೆ ಬಂತಾ? ಬಂತು. ಆದರೆ ಅದೇ ವಾರ ಸಂಜೆ ಕಾಫಿಯನ್ನೂ ಬಿಟ್ಟಿದ್ದೆ. ಎರಡನ್ನೂ ಒಟ್ಟಿಗೆ ಬದಲಾಯಿಸಿ ಒಂದಕ್ಕೆ ಕ್ರೆಡಿಟ್ ಕೊಟ್ಟೆ. ಆ ಕಂತಿನಲ್ಲಿ ಕಾಫಿ ವಿಷಯ ಹೇಳಲೇ ಇಲ್ಲ.

ಇನ್ನು ಅಮ್ಮನ ವಿಷಯ. ಅಮ್ಮನಿಗೆ 56. ಥೈರಾಯ್ಡ್ ಮಾತ್ರೆ ಶುರುವಾಗಿ ಹನ್ನೊಂದು ವರ್ಷ. ರಾತ್ರಿ ಮೀನಖಂಡ ಹಿಡ್ಕೊಂಡು ಎದ್ದು ಕೂರೋದು ಅವರಿಗೆ ಹಳೇ ಕಾಟ. ನಾನು ಮಗನ ಕರ್ತವ್ಯ ಅಂತ ಒಂದು ಬಾಟಲಿ ಊರಿಗೆ ಕೊರಿಯರ್ ಮಾಡಿದೆ. "ದಿನಕ್ಕೊಂದು ತಗೋಮ್ಮ" ಅಂದೆ. ಯಾವಾಗ ಅಂತ ಹೇಳಲಿಲ್ಲ. ಅಪ್ಪ ಮಾತ್ರ ಬಾಟಲಿ ನೋಡಿ ನಕ್ಕಿದ್ದರು. ನಮ್ಮ ತೋಟದಲ್ಲಿ ತೆಂಗಿನ ಗರಿ ಹಳದಿ ಆದರೆ ಬುಡಕ್ಕೆ ಮೆಗ್ನೀಸಿಯಂ ಸಲ್ಫೇಟ್ ಹಾಕ್ತಾರೆ. "ಮರಕ್ಕೆ ಹಾಕೋದನ್ನ ನಿಮ್ಮಮ್ಮಂಗೆ ಕಳಿಸಿದೀಯಲ್ಲೋ" ಅಂದರು. ತಪ್ಪೇನಿಲ್ಲ, ಎಲೆಯ ಹಸಿರಿನ ಅಣುವಿನ ನಡುವೆ ಕೂತಿರೋದು ಮೆಗ್ನೀಸಿಯಮ್ಮೇ.

ಅಮ್ಮ ಶಿಸ್ತಿನ ಮನುಷ್ಯೆ. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಅದರ ಜೊತೆಗೇ ಇದೂ ಒಂದು. ಒಂದೇ ಲೋಟ ನೀರು, ಎರಡೂ ಒಳಗೆ, ಮರೆಯೋ ಪ್ರಶ್ನೆಯೇ ಇಲ್ಲ.

ಮೂರು ತಿಂಗಳಾಗುವಷ್ಟರಲ್ಲಿ ಫೋನಿನಲ್ಲಿ ದನಿ ಬದಲಾಗಿತ್ತು. ಸುಸ್ತು, ಮುಖ ಊದಿದ ಹಾಗೆ, ಮಧ್ಯಾಹ್ನ ಮಲಗಿದರೆ ಏಳೋಕೇ ಮನಸ್ಸಿಲ್ಲ. "ವಯಸ್ಸಾಯ್ತು ಬಿಡು ಮಗಾ" ಅಂದರು. ನಾನೂ ಬಿಟ್ಟೆ. ಆಮೇಲೆ ಚಿಕ್ಕಮ್ಮ ಬಲವಂತ ಮಾಡಿ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ಟಿಎಸ್‌ಎಚ್ ವರ್ಷಗಳಿಂದ 3ರ ಆಸುಪಾಸು ಇದ್ದದ್ದು 11ಕ್ಕೆ ಹೋಗಿತ್ತು.

ಡಾಕ್ಟರು ಡೋಸ್ ಜಾಸ್ತಿ ಮಾಡೋಕೆ ಪೆನ್ ತೆಗೆದವರು, ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರಂತೆ. "ಹೊಸದಾಗಿ ಏನಾದ್ರೂ ತಗೋತಿದ್ದೀರಾ?" ಅಮ್ಮ ಬ್ಯಾಗಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಯಾರು ಬರೆದುಕೊಟ್ಟರು?" "ನಮ್ಮ ಮಗ." "ಮಗ ಡಾಕ್ಟರಾ?" "ಅಲ್ಲ ಸಾರ್, ಬಿಕಾಂ."

ಇದನ್ನ ಚಿಕ್ಕಮ್ಮ ಈಗಲೂ ಮದುವೆ ಮನೆಗಳಲ್ಲಿ ಹೇಳಿ ನಗ್ತಾರೆ. ನಾನೂ ನಗ್ತೀನಿ. ಅವತ್ತು ನಗು ಬರಲಿಲ್ಲ.

ಆಗಿದ್ದೇನು ಅಂದರೆ, ಮೆಗ್ನೀಸಿಯಂ ಹೊಟ್ಟೆಯೊಳಗೆ ಥೈರಾಯ್ಡ್ ಮಾತ್ರೆಯನ್ನ, ಅಂದರೆ ಲೆವೋಥೈರಾಕ್ಸಿನ್ನನ್ನ, ಹಿಡಿದುಕೊಂಡು ಪೂರ್ತಿ ರಕ್ತಕ್ಕೆ ಹೋಗೋಕೆ ಬಿಡಲ್ಲ. ಅಮ್ಮ ದಿನಾ ಮಾತ್ರೆ ನುಂಗ್ತಿದ್ದರು, ದೇಹಕ್ಕೆ ಅದರ ಒಂದು ಪಾಲು ಸಿಗ್ತಾನೇ ಇರಲಿಲ್ಲ. ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೂ ಇದೇ ನಿಯಮ, ನಮ್ಮ ಹೆಂಗಸರಲ್ಲಿ ಎಷ್ಟು ಜನ ಈ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿಟ್ಟು ಒಂದೇ ಸಲ ನುಂಗ್ತಾರೆ ಅಂತ ಯೋಚಿಸಿ. ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್ ತರದ ಆ್ಯಂಟಿಬಯಾಟಿಕ್ ಜೊತೆಗೂ ಮೆಗ್ನೀಸಿಯಂ ಹೀಗೇ ಮಾಡುತ್ತೆ. ಅವನ್ನ ಮೆಗ್ನೀಸಿಯಂಗಿಂತ ಕನಿಷ್ಠ ಎರಡು ಗಂಟೆ ಮೊದಲು, ಇಲ್ಲಾ ನಾಲ್ಕರಿಂದ ಆರು ಗಂಟೆ ಆದಮೇಲೆ ತಗೋಬೇಕು. ಮೂಳೆ ಸವೆತಕ್ಕೆ ಕೊಡೋ ಕೆಲವು ಮಾತ್ರೆಗಳದ್ದೂ ಇದೇ ಕಥೆ.

ಡಾಕ್ಟರು ಥೈರಾಯ್ಡ್ ಡೋಸ್ ಹಾಗೇ ಇಟ್ಟು ನನ್ನ ಬಾಟಲಿ ನಿಲ್ಲಿಸಿದರು. ಆರು ವಾರ ಬಿಟ್ಟು ಮತ್ತೆ ಪರೀಕ್ಷೆ. ಟಿಎಸ್‌ಎಚ್ ಕೆಳಗಿಳಿದು ಮೊದಲಿನ ಹತ್ತಿರ ಬಂದಿತ್ತು. ಆ ಆರು ವಾರ ನಾನು ದಿನಾ ಫೋನ್ ಮಾಡ್ತಿದ್ದೆ, "ದಿನಾ ಏನೋ ನಿಂದು, ಕೆಲಸ ಇಲ್ವಾ" ಅಂತ ಅಮ್ಮ ಬೈತಿದ್ದರು.

ಡಾಕ್ಟರು ಇನ್ನೊಂದು ವಿಷಯ ಹಿಡಿದರು. ಅಮ್ಮ ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತೋ ಅವರಿಗೇ ಗೊತ್ತಿಲ್ಲ. ಈ ಜಾತಿಯ ಮಾತ್ರೆಯನ್ನ ವರ್ಷಗಟ್ಟಲೆ ತಗೊಂಡರೆ ಕೆಲವರಲ್ಲಿ ಮೆಗ್ನೀಸಿಯಂ ಕಡಿಮೆಯಾಗಬಹುದು ಅಂತ ಅಮೆರಿಕದ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಅಂದರೆ ಅಮ್ಮನಿಗೆ ನಿಜವಾಗಿ ಕೊರತೆ ಇರೋ ಸಾಧ್ಯತೆಯೂ ಇತ್ತು. ನಾನು ಪರೀಕ್ಷೆ ಮಾಡಿಸದೆ ಮಾತ್ರೆ ಕಳಿಸಿದ್ದೆ, ಅವರು ಮಾಡಿಸಿದರು. ನಾರ್ಮಲ್ ಬಂತು. ರಕ್ತದ ಅಂಕಿ ಪೂರ್ತಿ ಚಿತ್ರ ಕೊಡಲ್ಲ, ದೇಹದ ಮೆಗ್ನೀಸಿಯಂನಲ್ಲಿ 1 ಪರ್ಸೆಂಟಿಗಿಂತ ಕಡಿಮೆ ಮಾತ್ರ ರಕ್ತದಲ್ಲಿರೋದು, ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ. ಆದರೂ ಗ್ಯಾಸ್ ಮಾತ್ರೆ ಇಷ್ಟು ವರ್ಷ ಯಾಕೆ ಅಂತ ಕೇಳಿ, ನಿಧಾನಕ್ಕೆ ಇಳಿಸಿದರು.

ಸೆಳೆತ? ಮಾತ್ರೆ ತಗೊಂಡಾಗಲೂ ಇತ್ತು, ಈಗಲೂ ಇದೆ. ಕಾಲು ಸೆಳೆತಕ್ಕೆ ಮೆಗ್ನೀಸಿಯಂ ಕೊಟ್ಟ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಕಾಕ್ರೇನ್ ವಿಮರ್ಶೆ 2020ರಲ್ಲಿ ಬಂದಿದೆ. ವಯಸ್ಸಾದವರಿಗೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಆಗೋ ಸಾಧ್ಯತೆ ಕಡಿಮೆ ಅಂತ ಅದರ ತೀರ್ಮಾನ. ಅಮ್ಮ ಈಗ ಮಲಗೋ ಮುಂಚೆ ಗೋಡೆಗೆ ಕೈಕೊಟ್ಟು ಮೀನಖಂಡ ಎಳೀತಾರೆ. ಸ್ವಲ್ಪ ಪರವಾಗಿಲ್ಲ ಅಂತಾರೆ. ಅವರು ತಿನ್ನೋ ರಾಗಿಯಲ್ಲೇ 100 ಗ್ರಾಂಗೆ 130ರಿಂದ 150 ಮಿಲಿಗ್ರಾಂ ಮೆಗ್ನೀಸಿಯಂ ಇದೆ. ಎರಡು ಹೊತ್ತು ಮುದ್ದೆ ಉಣ್ಣೋ ಮನೆಗೆ ನಾನು ಬಾಟಲಿ ಕೊರಿಯರ್ ಮಾಡಿದ್ದೆ.

ಇಷ್ಟಾದ ಮೇಲೆ ಆ ಮೆಸೇಜ್‌ಗಳು ನೆನಪಾದವು. ಬ್ರ್ಯಾಂಡ್ ಕೇಳಿದವರು, ಲಿಂಕ್ ತಗೊಂಡವರು. ಕೂತು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದೆ. 47 ಜನ. ಎಲ್ಲರಿಗೂ ಬರೆದೆ: ಥೈರಾಯ್ಡ್ ಮಾತ್ರೆ ಇದೆಯಾ, ಬೇರೆ ಏನು ತಗೋತೀರಿ, ಕಿಡ್ನಿ ಹೇಗಿದೆ.

ಕಿಡ್ನಿ ಪ್ರಶ್ನೆ ಯಾಕೆ ಅಂದರೆ, ನನ್ನಂಥವನು ಜಾಸ್ತಿ ತಿಂದರೆ ಕಿಡ್ನಿ ಹೊರಗೆ ಹಾಕುತ್ತೆ, ಉಳಿದದ್ದು ಭೇದಿಯಲ್ಲಿ ಹೋಗುತ್ತೆ, ಬಸ್ ನಿಲ್ಲಿಸೋದರಲ್ಲಿ ಮುಗಿಯುತ್ತೆ. ಕಿಡ್ನಿ ಕೆಲಸ ಕಡಿಮೆಯಾದವರಲ್ಲಿ ಅದು ರಕ್ತದಲ್ಲೇ ಸೇರ್ತಾ ಹೋಗುತ್ತೆ. ವಾಕರಿಕೆ, ಮಂಪರು, ಬಿಪಿ ಇಳಿಯೋದು, ಸ್ನಾಯು ಸೋಲೋದು, ಕೊನೆಗೆ ಹೃದಯದ ಬಡಿತವೇ ತಪ್ಪಬಹುದು. ಅಂಥವರು ಡಾಕ್ಟರು ಹೇಳದೆ ಈ ಮಾತ್ರೆ, ಮೆಗ್ನೀಸಿಯಂ ಇರೋ ಗ್ಯಾಸ್ ಸಿರಪ್, ಮಲಬದ್ಧತೆ ಸಿರಪ್, ಯಾವುದನ್ನೂ ಮುಟ್ಟಬಾರದು. ಬಾಟಲಿ ಮೇಲೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರುತ್ತೆ, ಔಷಧವಾಗಿ ಬಳಸಲು ಅಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ. ಆಹಾರದ ಕಾನೂನಿನಡಿ ಮಾರೋದರಿಂದ ಚೀಟಿ ಕೇಳೋರಿಲ್ಲ, ನಿಮ್ಮ ಕ್ರಿಯಾಟಿನೈನ್ ಎಷ್ಟು ಅಂತ ವಿಚಾರಿಸೋರೂ ಇಲ್ಲ.

"ನಮ್ಮಪ್ಪನಿಗೆ ಕೊಡಬಹುದಾ" ಅಂತ ಕೇಳಿದ್ದರಲ್ಲ ಒಬ್ಬರು, ಅವರಿಗೆ ನಾನು ಕೊಟ್ಟ ಹಳೇ ಉತ್ತರ ಇನ್ನೂ ಅಲ್ಲೇ ಇತ್ತು. "ಕೊಡಿ ಸರ್, ಏನಾಗಲ್ಲ, ನ್ಯಾಚುರಲ್ ಅದು." ಕೆಳಗೊಂದು ನಗುವ ಎಮೋಜಿ. ಈ ಸಲ ಫೋನೇ ಮಾಡಿದೆ. ಅಪ್ಪನಿಗೆ ಹದಿನೆಂಟು ವರ್ಷದಿಂದ ಶುಗರ್, ಕಿಡ್ನಿಗೆ ಆಗಲೇ ಚಿಕಿತ್ಸೆ ನಡೀತಿದೆ ಅಂದರು. ನನ್ನ ಕೈ ತಣ್ಣಗಾಯ್ತು. "ಕೊಟ್ರಾ ಸರ್?" "ತರಿಸಿದ್ವಿ. ಅಪ್ಪ ನೋಡಿ, ಇಷ್ಟು ದಪ್ಪ ಮಾತ್ರೆ ಗಂಟಲಲ್ಲಿ ಇಳಿಯಲ್ಲ ಅಂತ ಹಠ ಮಾಡಿ ಮುಟ್ಟಲೇ ಇಲ್ಲ."

ಹಳೇ ಕಂತಿನಿಂದ ಆ ಸಾಲನ್ನ ಕತ್ತರಿಸಿದ್ದೀನಿ. 47ರಲ್ಲಿ 41 ಜನ ಉತ್ತರ ಕೊಟ್ಟಿದ್ದಾರೆ. ಇನ್ನು ಆರು ಜನರ ಹತ್ತಿರ ಮೆಸೇಜ್ ಹಾಗೇ ಬಿದ್ದಿದೆ, ತೆರೆದಿಲ್ಲ. ನನ್ನ ಮಾತು ಕೇಳಿ ಮೆಗ್ನೀಸಿಯಂ ಕೊಂಡವರಲ್ಲಿ ನೀವೂ ಒಬ್ಬರಾಗಿದ್ದರೆ, ಇದನ್ನ ಓದಿದ ತಕ್ಷಣ ಇನ್‌ಬಾಕ್ಸ್ ತೆಗೆದು ನೋಡಿ. ನನ್ನ ನಂಬರ್ ಅದರಲ್ಲೇ ಇದೆ, ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತೀನಿ.