ಒಂದೇ ಬಕೆಟ್‌ನ ಮನೆ

ಇವತ್ತು ಯಾವ ರಾಜಕಾರಣಿಯನ್ನೂ ಪ್ರಶ್ನೆ ಮಾಡಲ್ಲ. ಇವತ್ತಿನ ಆರೋಪಿ ನಾನೇ.

ಹೋದ ಸಲ ಶಿವಮೊಗ್ಗದ ಮನೆಗೆ ಹೋಗಿದ್ದಾಗ ಬೆಳಿಗ್ಗೆ ಕಸದ ಗಾಡಿ ಬಂತು. ಬಕೆಟ್ ತಗೊಂಡು ಹೋಗಿ ಕೊಟ್ಟೆ. ಮುಸುರೆ, ಹಾಲಿನ ಕವರ್, ಚಿಪ್ಸ್ ಪ್ಯಾಕೆಟ್ ಎಲ್ಲಾ ಒಂದರಲ್ಲೇ. ಪೌರಕಾರ್ಮಿಕ ಅಕ್ಕ ಕವರ್‌ಗಳನ್ನ ಬೇರೆ ಮಾಡೋಕೆ ಕೈ ಹಾಕಿದವರು ತಟ್ಟನೆ ಹಿಂದೆಳೆದುಕೊಂಡ್ರು. ಅಪ್ಪನ ಇನ್ಸುಲಿನ್ ಸೂಜಿ ಚುಚ್ಚಿತ್ತು.

"ಸೂಜಿ ಇದೆ ಅಂತ ಒಂದ್ಮಾತು ಹೇಳಬಾರದಿತ್ತಾ ಸಾರ್?" ಅಂದ್ರು.

ಆಸ್ಪತ್ರೆಗೆ ಕರ್ಕೊಂಡು ಹೋದೆ. ಆದರೆ ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಅಂತ ಮೂರು ಭಾಗ ಮಾಡಿ ಕೊಡಿ ಎಂದು ಕೇಂದ್ರ ಸರ್ಕಾರದ ನಿಯಮ 2016ರಲ್ಲೇ ಹೇಳಿತ್ತು. ಸೂಜಿ, ಬ್ಯಾಟರಿ, ಅವಧಿ ಮುಗಿದ ಮಾತ್ರೆ ಮೂರನೆಯದಕ್ಕೆ ಸೇರಿದ್ದು. ಇಂಜಿನಿಯರಿಂಗ್ ಓದಿದ ನನ್ನ ಮನೆಯಲ್ಲಿ ಇದ್ದಿದ್ದು ಒಂದೇ ಬಕೆಟ್!

ಭದ್ರಾವತಿಯವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡನ್ನೂ ಕಂಡ ಊರು ಅದು. ಗುಜರಿ ಕಬ್ಬಿಣ ಕರಗಿದರೆ ಮತ್ತೆ ಉಕ್ಕು. ಹಾಲಿನ ಕವರ್ ಕೂಡ ಹಾಗೇ. ಅದು ಪಾಲಿಥೀನ್. ತೊಳೆದು ಒಣಗಿಸಿಟ್ಟರೆ ಕರಗಿ ಕಾಳಾಗುತ್ತೆ, ಮತ್ತೊಂದು ವಸ್ತುವಾಗುತ್ತೆ. ಅದೇ ಕವರ್ ಸಾಂಬಾರಲ್ಲಿ ಮುಳುಗಿದರೆ ಗುಜರಿಯವನೂ ಮುಟ್ಟಲ್ಲ. ಅಂದರೆ, ಹಾಲಿನ ಕವರ್ ಕಸವಾಗೋದು ಡೇರಿಯಲ್ಲಲ್ಲ, ನಮ್ಮ ಅಡುಗೆಮನೆಯಲ್ಲಿ.

ಎಲ್ಲಾ ತಪ್ಪೂ ನಮ್ಮದೇ ಅಂತಲ್ಲ. ಚಿಪ್ಸ್ ಪ್ಯಾಕೆಟ್‌ನಲ್ಲಿ ಪ್ಲಾಸ್ಟಿಕ್ಕಿನ ಜೊತೆ ಲೋಹದ ತೆಳು ಪದರ ಅಂಟಿರುತ್ತೆ, ಬಿಡಿಸೋದು ಕಷ್ಟ. ಅಂಥ ಪ್ಯಾಕೆಟ್ ವಾಪಸ್ ಸಂಗ್ರಹಿಸೋ ಹೊಣೆ ಕಂಪನಿಗಳದ್ದು ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳೇ ಹೇಳಿವೆ. ಕಂಪನಿಗಳನ್ನ ಕೇಳೋಣ, ಗಟ್ಟಿಯಾಗೇ ಕೇಳೋಣ. ಆದರೆ ಸೂಜಿ ಬೇರೆ ಇಡೋಕೆ ಯಾವ ಕಂಪನಿ ಬರಬೇಕು?

ಗಂಗಾ ಸ್ನಾನ, ತುಂಗಾ ಪಾನ ಅಂತೀವಿ. ಶಿವಮೊಗ್ಗದ ಚರಂಡಿಗೆ ಬಿದ್ದಿದ್ದು ತುಂಗೆಗೆ, ಭದ್ರಾವತಿಯ ಚರಂಡಿಗೆ ಬಿದ್ದಿದ್ದು ಭದ್ರೆಗೆ. ಎರಡೂ ಕೂಡ್ಲಿಯಲ್ಲಿ ಸೇರ್ತವೆ. ಯಾರು ಎಸೆದಿದ್ದು ಅಂತ ಅಲ್ಲಿ ಹೇಳೋಕಾಗಲ್ಲ. ಆದರೆ ನಮ್ಮ ಮನೆ ಬಾಗಿಲಲ್ಲಿ ಖಂಡಿತ ಗೊತ್ತಾಗುತ್ತೆ.

ಈಗ ನಮ್ಮನೇಲಿ ಎರಡು ಬಕೆಟ್, ಸೂಜಿಗೆ ಅಂತ ಮುಚ್ಚಳ ಇರೋ ಒಂದು ಗಟ್ಟಿ ಡಬ್ಬಿ. ಡಬ್ಬಿ ಮೇಲೆ ಅಮ್ಮ ದಪ್ಪಕ್ಷರದಲ್ಲಿ ಬರೆದಿದ್ದಾರೆ: "ಸೂಜಿ ಇದೆ."

ಆ ಒಂದ್ಮಾತು, ತಡವಾಗಿಯಾದರೂ.