ಗೆರೆ ಎಳೆಯುವ ಯಂತ್ರ, ಸಹಿ ಹಾಕುವ ವೈದ್ಯ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಗಿರಣಿಯ ಗುಮಾಸ್ತ. ಓದಿ ತಿಳಿದುದನ್ನಷ್ಟೆ ಬಿನ್ನವಿಸುತ್ತೇನೆ.

ರೋಗದ ಭಯ ನಮ್ಮ ತಾಂಬರಂಗೆ ಹೊಸದಲ್ಲ. 1928ರಲ್ಲಿ ಡಾ. ಚೌರಿ ಮುತ್ತು ಅವರು ಕ್ಷಯರೋಗಿಗಳಿಗಾಗಿ ಇಲ್ಲಿ ಸ್ಯಾನಟೋರಿಯಂ ತೆರೆದರು. ರೈಲು ನಿಲ್ದಾಣ ಇಂದಿಗೂ ಆ ಹೆಸರನ್ನು ಹೊತ್ತಿದೆ. ಈಗ ನಮ್ಮನ್ನು ನಡುಗಿಸುವುದು ಕ್ಯಾನ್ಸರ್. "ಕರೆಂಟು ಕೊಡುತ್ತಾರಂತೆ" ಎಂದೊಡನೆ ಮನೆಮಂದಿ ಎದೆಗುಂದುತ್ತಾರೆ. ಕೆಲವರು ಚಿಕಿತ್ಸೆಯನ್ನೇ ಮುಂದೂಡುತ್ತಾರೆ. ಅದು ಕರೆಂಟಲ್ಲ, ಕಣ್ಣಿಗೆ ಕಾಣದ ಕಿರಣ. ರೋಗದ ಜೀವಕೋಶಗಳು ಮತ್ತೆ ಬೆಳೆಯದಂತೆ ಕೆಡಿಸುವುದು ಅದರ ಕೆಲಸ.

ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ 12 ಹಾಸಿಗೆಗಳೊಡನೆ ಆರಂಭವಾಯಿತು. ಆ ದಶಕದಲ್ಲೇ ಕೆನಡಾದ ಕೊಡುಗೆಯಾಗಿ ಕೋಬಾಲ್ಟ್ ಕಿರಣಯಂತ್ರ ಅಲ್ಲಿಗೆ ಬಂತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಹುಟ್ಟಿತು.

ಆದರೆ ಕಿರಣ ಹಾಯ್ದ ದಾರಿಯಲ್ಲಿ ಒಳ್ಳೆಯ ಅಂಗಕ್ಕೂ ಪೆಟ್ಟು. ಗಂಟಲಿನ ಗೆಡ್ಡೆಯ ಪಕ್ಕದಲ್ಲೇ ಜೊಲ್ಲಿನ ಗ್ರಂಥಿ, ಹಿಂದೆ ಬೆನ್ನುಹುರಿ. ಗ್ರಂಥಿ ಕೆಟ್ಟರೆ ರೋಗಿ ಉಳಿದರೂ ಒಣಬಾಯಲ್ಲಿ ತುತ್ತು ಇಳಿಯದು. ಅದಕ್ಕಾಗಿ ಸಿ.ಟಿ. ಸ್ಕ್ಯಾನಿನ ಹತ್ತಾರು ಚಿತ್ರಗಳಲ್ಲಿ ಒಂದೊಂದರ ಮೇಲೂ ವೈದ್ಯರು ಗೆಡ್ಡೆಯ ಎಲ್ಲೆ, ಉಳಿಸಬೇಕಾದ ಅಂಗಗಳ ಎಲ್ಲೆ ಗುರುತಿಸಬೇಕು. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಹೊರಗೆ ರೋಗಿಗಳ ಸಾಲು ಕಾದಿರುತ್ತದೆ.

ಕೃತಕ ಬುದ್ಧಿಮತ್ತೆ ನೆರವಾಗುವುದು ಇಲ್ಲಿಯೇ. ಅನುಭವಿ ವೈದ್ಯರು ಹಿಂದೆ ಎಳೆದ ಗೆರೆಗಳನ್ನು ಕಂಪ್ಯೂಟರಿಗೆ ತೋರಿಸಿ ಕಲಿಸಿದರೆ, ಹೊಸ ರೋಗಿಯ ಚಿತ್ರದ ಮೇಲೆ ಅದು ಕೆಲವೇ ನಿಮಿಷಗಳಲ್ಲಿ ಗೆರೆ ಎಳೆಯುತ್ತದೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯವರು ಡೀಪ್‌ಮೈಂಡ್ ಕಂಪನಿಯೊಡನೆ ತಲೆ-ಕುತ್ತಿಗೆಯ ಕ್ಯಾನ್ಸರಿಗಾಗಿ ಇಂಥ ಸಂಶೋಧನೆ ಕೈಗೊಂಡರು. ಡಾಕ್ಟರೇಟ್ ಮುಗಿಸಿದ ತರುಣ ತರುಣಿಯರು ಇಂದು ಹಲವು ದೇಶಗಳಲ್ಲಿ ಇದನ್ನೇ ಮುಂದುವರಿಸುತ್ತಿದ್ದಾರೆ.

ಯಂತ್ರ ತಪ್ಪುವುದಿಲ್ಲವೆ? ತಪ್ಪುತ್ತದೆ. ತಾನು ಕಲಿತ ಚಿತ್ರಗಳಲ್ಲಿ ಇಲ್ಲದ ಬಗೆಯ ಗೆಡ್ಡೆ ಬಂದರೆ, ಶಸ್ತ್ರಚಿಕಿತ್ಸೆಯಿಂದ ಅಂಗಗಳ ರೂಪ ಬದಲಾಗಿದ್ದರೆ, ತಪ್ಪು ಗೆರೆಯನ್ನೂ ಅಷ್ಟೇ ಅಚ್ಚುಕಟ್ಟಾಗಿ ಎಳೆದುಬಿಡುತ್ತದೆ. ನಮ್ಮ ಗಿರಣಿಯ ಲೆಕ್ಕದಲ್ಲೂ ಕೂಡುವುದು ಯಂತ್ರವೇ. ಆದರೂ ತಾಳೆ ನೋಡಿ ಸಹಿ ಹಾಕದೆ ಸಂಬಳದ ಪಟ್ಟಿ ಹೊರಬೀಳದು. ಕೂಲಿಯ ಪಟ್ಟಿಗೇ ಅಷ್ಟು ಎಚ್ಚರ ಬೇಕಾದರೆ, ಜೀವದ ಪಟ್ಟಿಗೆ ಎಷ್ಟು ಬೇಕು! ಪ್ರತಿ ಗೆರೆಯನ್ನೂ ವೈದ್ಯರು ತಿದ್ದಿ ಒಪ್ಪಬೇಕು. ಯಂತ್ರ ಉಳಿಸಿದ ಹೊತ್ತು ರೋಗಿಯೊಡನೆ ನಾಲ್ಕು ಮಾತಾಡಲು ಸಲ್ಲಬೇಕು.

ನನ್ನ ಬಿನ್ನಹ ಇಷ್ಟೆ: ಹೆಸರಿಗೆ ಹೆದರಿ ಚಿಕಿತ್ಸೆ ಮುಂದೂಡಬೇಡಿ. ಯಾವ ಅಂಗಕ್ಕೆ ಕಿರಣ, ಯಾವುದಕ್ಕೆ ರಕ್ಷಣೆ ಎಂದು ವೈದ್ಯರನ್ನು ಕೇಳಿ, ಸಂಕೋಚ ಬೇಡ.