ರಕ್ತದ ಸಾರ, ಭತ್ತದ ಕಾಳು

ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಮಂಗನ ಕಾಯಿಲೆಯ ಹೆಸರು ಕೇಳದವರಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ರೋಗದ ವೈರಸ್ಸನ್ನು ಗುರುತಿಸಿ, ಅದನ್ನು ಹರಡುವುದು ಕಾಡಿನ ಉಣುಗು ಎಂದು ತೋರಿಸಿದರು. ಸಾಗರದಲ್ಲಿ ಅವರದೊಂದು ಕ್ಷೇತ್ರಕೇಂದ್ರವೂ ಇತ್ತು. ಈ ಕಥೆಯಲ್ಲಿ ಮಂಗವನ್ನೂ ಉಣುಗನ್ನೂ ನಾವು ನೆನೆಯುತ್ತೇವೆ. ತೆರೆಯ ಮರೆಯಲ್ಲಿ ದುಡಿದ ಇನ್ನೊಂದು ಪದಾರ್ಥವನ್ನು ಮರೆಯುತ್ತೇವೆ. ಅದರ ಹೆಸರು ಆಲ್ಬುಮಿನ್.

ಉಣುಗನ್ನು ಅರೆದು ವೈರಸ್ಸನ್ನು ಹುಡುಕುವಾಗ ಬರಿಯ ಉಪ್ಪುನೀರು ಸಾಲದು. ಅದರಲ್ಲಿ ವೈರಸ್ಸು ಬೇಗ ಸತ್ವಗೆಡುತ್ತದೆ. ಆದ್ದರಿಂದ ದನದ ರಕ್ತದಿಂದ ತೆಗೆದ ಆಲ್ಬುಮಿನ್ನನ್ನು ಅದಕ್ಕೆ ಕೂಡಿಸುವುದು ರೂಢಿ. ರೋಗಿಯ ರಕ್ತದಲ್ಲಿ ಪ್ರತಿಕಾಯಗಳನ್ನು ಅರಸುವ ಪರೀಕ್ಷೆಯಲ್ಲಿಯೂ ತಟ್ಟೆಯ ಖಾಲಿ ಜಾಗವನ್ನು ಆಲ್ಬುಮಿನ್ ಆವರಿಸಿ, ಸುಳ್ಳು ಸೂಚನೆ ಬಾರದಂತೆ ತಡೆಯಬಲ್ಲದು.

ಲ್ಯಾಟಿನ್ ಭಾಷೆಯಲ್ಲಿ 'ಆಲ್ಬಸ್' ಎಂದರೆ ಬಿಳಿ. ಮೊಟ್ಟೆಯ ಬಿಳಿಯಿಂದ ಈ ಹೆಸರು ಹುಟ್ಟಿತು. ನಮ್ಮ ರಕ್ತದ ದ್ರವಭಾಗದಲ್ಲಿರುವ ಪ್ರೋಟೀನಿನಲ್ಲಿ ಅರ್ಧಕ್ಕೂ ಮಿಗಿಲಾದದ್ದು ಇದೇ. ಯಕೃತ್ತು ದಿನಕ್ಕೆ ಸುಮಾರು 10ರಿಂದ 15 ಗ್ರಾಂ ಆಲ್ಬುಮಿನ್ನನ್ನು ತಯಾರಿಸುತ್ತದೆ. ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು, ಕೊಬ್ಬಿನ ಆಮ್ಲಗಳನ್ನೂ ಔಷಧಗಳನ್ನೂ ಹೊತ್ತೊಯ್ಯುವುದು ಇದರ ಕೆಲಸ. ಯಕೃತ್ತು ಕೆಟ್ಟು ಜಲೋದರವಾದವರ ಹೊಟ್ಟೆಯಿಂದ ಬಹಳ ನೀರು ತೆಗೆದಾಗ ವೈದ್ಯರು ಇದನ್ನು ನಾಳದ ಮೂಲಕ ಕೊಡುತ್ತಾರೆ. ಇದನ್ನು ಬಲ ಬರಿಸುವ ಟಾನಿಕ್ಕೆಂದು ತಿಳಿಯುವುದು ಮಾತ್ರ ತಪ್ಪು. ಆಹಾರದ ಸ್ಥಾನವನ್ನು ಇದು ತುಂಬಲಾರದು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಎಡ್ವಿನ್ ಕೋನ್ ಮಾನವ ರಕ್ತದಿಂದ ಆಲ್ಬುಮಿನ್ನನ್ನು ಬೇರ್ಪಡಿಸುವ ಕ್ರಮವನ್ನು ಕಂಡುಹಿಡಿದನು. 1941ರ ಪರ್ಲ್ ಹಾರ್ಬರ್ ದಾಳಿಯಲ್ಲಿ ಸುಟ್ಟ ಗಾಯಗಳಾದವರಿಗೆ ಅದನ್ನು ಕೊಟ್ಟರು. ಆದರೆ ರಕ್ತವನ್ನು ನಂಬಿದ ಔಷಧಕ್ಕೆ ರಕ್ತದಾನಿಗಳ ಸಂಖ್ಯೆಯೇ ಎಲ್ಲೆ. ಪ್ರಯೋಗಾಲಯಕ್ಕೆ ಇನ್ನೊಂದು ತೊಡಕು: ದನದ ರಕ್ತದ ಒಂದು ಕಂತು ಇನ್ನೊಂದರಂತಿರುವುದಿಲ್ಲ. ಹಳಗನ್ನಡದ ಓಲೆಪ್ರತಿಗಳನ್ನು ಪರಿಶೋಧಿಸಿದವರಿಗೆ ಈ ಸಂಕಟ ಅಪರಿಚಿತವಲ್ಲ. ಪ್ರತಿಯಿಂದ ಪ್ರತಿಗೆ ಪಾಠಾಂತರ!

ಇಲ್ಲಿ ನೆರವಿಗೆ ಬಂದುದು ವಂಶವಾಹಿಯ ವಿದ್ಯೆ. ಮಾನವ ಆಲ್ಬುಮಿನ್ ಎಂದರೆ 585 ಅಮೈನೊ ಆಮ್ಲಗಳ ಒಂದು ಸರಣಿ. ಅದರ ಮೂಲಪಾಠವಾದ ವಂಶವಾಹಿಯನ್ನು, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನೊಳಗೆ ಸೇರಿಸಿದರೆ, ಅದು ನಿಷ್ಠಾವಂತ ಲಿಪಿಕಾರನಂತೆ ಆ ಪ್ರೋಟೀನನ್ನೇ ರಚಿಸುತ್ತದೆ. ದಡಾರ, ಗದ್ದಕಟ್ಟು, ರುಬೆಲ್ಲಾಗಳಿಗೆ ಕೊಡುವ ಮರ್ಕ್ ಕಂಪೆನಿಯ ಲಸಿಕೆಯಲ್ಲಿ ಇಂಥ ಆಲ್ಬುಮಿನ್ ಸೇರಿದೆ. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಕೂಡ ಯೀಸ್ಟಿನ ಜಾತಿಯೊಂದರಿಂದಲೇ ಬಂದುದು.

ಗದ್ದೆಯ ನಾಡಿನವರಾದ ನಮಗೆ ಇದಕ್ಕಿಂತ ಹತ್ತಿರದ ಸಂಗತಿಯೊಂದಿದೆ. ಚೀನಾದ ವುಹಾನ್ ವಿಶ್ವವಿದ್ಯಾಲಯದ ಯಾಂಗ್ ಡೈಚಾಂಗ್ ಮತ್ತು ಸಂಗಡಿಗರು ಮಾನವ ಆಲ್ಬುಮಿನ್ನಿನ ವಂಶವಾಹಿಯನ್ನು ಭತ್ತದ ಗಿಡದಲ್ಲಿ ನೆಲೆಗೊಳಿಸಿ, ಕಾಳಿನಲ್ಲಿಯೇ ಅದನ್ನು ತುಂಬಿಸಿದರು. ಒಂದು ಕಿಲೋ ಪಾಲಿಶ್ ಮಾಡದ ಅಕ್ಕಿಯಿಂದ 2.75 ಗ್ರಾಂ ದೊರೆಯಿತೆಂದು 2011ರಲ್ಲಿ ಪ್ರಕಟಿಸಿದರು. ಎಂದರೆ, ನಮ್ಮ ಯಕೃತ್ತು ಒಂದು ದಿನದಲ್ಲಿ ಸದ್ದಿಲ್ಲದೆ ಮಾಡುವಷ್ಟನ್ನು ಪಡೆಯಲು ನಾಲ್ಕೈದು ಕಿಲೋ ಅಕ್ಕಿ ಬೇಕು! 2025ರಲ್ಲಿ ಚೀನಾ ಈ ಭತ್ತದ ಆಲ್ಬುಮಿನ್ನಿಗೆ ಔಷಧವಾಗಿ ಅನುಮತಿ ನೀಡಿತು.

ಇದನ್ನು 'ಕೃತಕ' ಎನ್ನೋಣವೆ? ಕನ್ನಡದಲ್ಲಿ ಆ ಮಾತಿಗೆ ಹುಸಿಯ ವಾಸನೆ ಅಂಟಿದೆ. ಸರಣಿ ಅದೇ, ಗುಣ ಅದೇ. ಬೆಳೆದ ಮನೆಯಷ್ಟೇ ಬೇರೆ. 'ಪುನಸ್ಸಂಯೋಜಿತ' ಎಂಬ ಪದ ನಾಲಗೆಗೆ ಭಾರವಾದರೂ ಸತ್ಯಕ್ಕೆ ಹತ್ತಿರ. ಹೆಸರಿನಲ್ಲಿ ಹುಸಿಯಿದ್ದರೆ ರೋಗಿಯ ಮನಸ್ಸಿನಲ್ಲಿ ಭಯ ಹುಟ್ಟುತ್ತದೆ. ಇದರ ಶುದ್ಧತೆಯನ್ನು ಮಾತ್ರ ಕಟ್ಟುನಿಟ್ಟಾಗಿ ಪರೀಕ್ಷಿಸಲೇಬೇಕು. ಯೀಸ್ಟಿನ, ಭತ್ತದ ಅಂಶ ಉಳಿದರೆ ಅಲರ್ಜಿಯಾದೀತು.

ಆಲ್ಬುಮಿನ್ ಮಂಗನ ಕಾಯಿಲೆಗೆ ಮದ್ದಲ್ಲ. ಆ ರೋಗಕ್ಕೆ ನೇರವಾದ ಔಷಧವೇ ಇಲ್ಲ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗ ಹಲವರನ್ನು ಕಳೆದುಕೊಂಡಿತು. ರಕ್ಷಣೆ ಸಾಲದೆಂದು ಕಂಡುಬಂದು ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಯತ್ನದಲ್ಲಿ ತೊಡಗಿದೆ. ಜ್ವರದಲ್ಲಿ ಮಲಗಿದವರ ರಕ್ತದ ಹನಿ ಪ್ರಯೋಗಾಲಯ ಸೇರಿದಾಗ, ಅಲ್ಲಿನ ಉತ್ತರ ದೃಢವಾಗಿರಬೇಕು. ಅದಕ್ಕೆ ಬಳಸುವ ಪದಾರ್ಥ ಇಂದು ನಾಳೆ ಒಂದೇ ತೆರನಾಗಿರಬೇಕು. ದರಕು ತರಲು, ಸೌದೆ ತರಲು ಕಾಡಿಗೆ ಹೋಗದೆ ವಿಧಿಯಿಲ್ಲದವರ ಪ್ರಾಣ ಇಂಥ ಸಣ್ಣ ಸಂಗತಿಗಳನ್ನೂ ನೆಚ್ಚಿಕೊಂಡಿದೆ. ಭತ್ತದ ಕಾಳಿನಲ್ಲಿ ರಕ್ತದ ಸಾರ ಬೆಳೆಯುವುದು ಬೆರಗಿನ ಮಾತು. ಅದರ ಫಲ ಕಾಡಂಚಿನ ಬಡಮನೆಯ ಬಾಗಿಲನ್ನು ಮುಟ್ಟಿದಾಗಲೇ ಆ ಬೆರಗಿಗೊಂದು ಸಾರ್ಥಕ್ಯ.